ಉಲ್ಲಾಸನ ಕಾರಿಗೆ ಎರಡು ಕಂಪ್ರೆಸರ್

ಹೆಲ್ಮೆಟ್ ಹಾಕಿಕೊಂಡ ಮೇಲೆ ಮಾತಾಡುವ ಅಭ್ಯಾಸ ಸಮೀಕ್ಷಾಳಿಗೆ ಇಲ್ಲದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ನೋಡಿ, ಸಂಜೆ ದಿಶಾಂತ್ ಬರ್ತಾನೆ. ಎಸಿ ಇಲ್ಲದಿದ್ರೆ ಆ ಕಾರು ಆಗುದೇ ಇಲ್ಲ. ಹೇಳಿದ್ದು ಗೊತ್ತಾಯ್ತಲ್ಲ?" ಎಂದು ಹೆಲ್ಮೆಟ್ಟಿನ ಒಳಗಿನಿಂದಲೇ ಹೇಳಿ, ಸ್ಕೂಟರ್ ಹತ್ತಿ ಅವಳು ಬ್ಯಾಂಕಿನ ಕೆಲಸಕ್ಕೆ ಹೊರಟುಹೋದಳು.

ಗಂಡ ಉಲ್ಲಾಸ ಗೊತ್ತಾಯಿತು ಎಂದು ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನಿಗೆ ಪುತ್ತೂರಿನಲ್ಲೇ ಸಾಟಿಯಿರಲಿಲ್ಲ. 'ಇಲ್ಲ' ಎಂಬ ಎರಡಕ್ಷರಕ್ಕೆ ಹುಟ್ಟಿನಿಂದಲೇ ಅವನ ನಾಲಿಗೆ ಹೊರಳುತ್ತಿರಲಿಲ್ಲ. ಹೋದ ತಿಂಗಳು ಒಂದು ಮದುವೆ ಊಟದಲ್ಲಿ, ಹೆಂಡತಿಯ ಚಿಕ್ಕಪ್ಪನ ಮಗ ದಿಶಾಂತ್ "ಭಾವ, ಆ ಕೆಂಪು ಕಾರು ನನಗೆ ಕೊಡ್ತೀರಾ?" ಎಂದು ಕೇಳಿದಾಗಲೂ ಅವನು ತಲೆಯಾಡಿಸಿದ್ದ. ಬಾಯಿ ತುಂಬ ಹೋಳಿಗೆ ಇತ್ತು. ಅದನ್ನು ನುಂಗಿ ಮುಗಿಸುವಷ್ಟರಲ್ಲಿ ಪಂಕ್ತಿಯವರಿಗೆಲ್ಲ ಕಾರು ದಿಶಾಂತನದ್ದು ಎಂದು ಗೊತ್ತಾಗಿಬಿಟ್ಟಿತ್ತು.

ಆ ಕಾರು ಅವನ ಪ್ರಾಣ. ಸುಳ್ಯದ ಡಾಕ್ಟರೊಬ್ಬರ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಎರಡು ಸೀಟಿನ ಹಳೆ ಸ್ಪೋರ್ಟ್ಸ್ ಕಾರನ್ನು ತಂದು, ಉಜ್ಜಿ, ಬಣ್ಣ ಹೊಡೆಸಿ, ರಸ್ತೆಗಿಳಿಸಿದ್ದ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅದರಲ್ಲಿ ಕೂತರೆ ಎದುರಿನಿಂದ ಬರುವ ನಾಯಿಯ ಮುಖವನ್ನು ನೇರವಾಗಿ ನೋಡಬಹುದಿತ್ತು. ಎಲ್ಲ ಇತ್ತು, ಎಸಿ ಮಾತ್ರ ಸರಿಯಿರಲಿಲ್ಲ. ಸ್ವಿಚ್ ಒತ್ತಿದರೆ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಏಪ್ರಿಲ್ ಸೆಕೆಯಲ್ಲಿ ಒಮ್ಮೆ ಸಮೀಕ್ಷಾ ಅದರಲ್ಲಿ ಸುಳ್ಯಕ್ಕೆ ಹೋಗಿ ಇಳಿದಾಗ, ಅವಳ ತವರಿನವರು ದಾರಿಯಲ್ಲಿ ಮಳೆ ಇತ್ತಾ ಎಂದು ಕೇಳಿದ್ದರು.

ಉಲ್ಲಾಸ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದ. ಎಸಿ ಇಲ್ಲದಿದ್ದರೆ ಅವಳಿಗೆ ಕಾರು ಆಗುವುದಿಲ್ಲ. ಎಸಿ ಇದ್ದರೆ ಆಗುತ್ತದೆ. ಅವಳಿಗೆ ಆದರೆ, ದಿಶಾಂತನಿಗೆ ಬೇಡವೆನ್ನುವ ಕೆಲಸವನ್ನು ಅವಳೇ ಮಾಡುತ್ತಾಳೆ. ಅವಳಿಗೆ 'ಇಲ್ಲ' ಹೇಳಲು ಚೆನ್ನಾಗಿ ಬರುತ್ತದೆ. ಕಾರು ಉಳಿಯುತ್ತದೆ!

ತಕ್ಷಣ ತನ್ನ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಗೆ ರಜೆ ಸಾರಿ, ಉಪ್ಪಿನಂಗಡಿಯ ಕಾರ್ ಎಸಿ ಮೆಕ್ಯಾನಿಕ್ ಹಕೀಮನಿಗೆ ಫೋನ್ ಮಾಡಿದ.

"ಉಲ್ಲಾಸಣ್ಣ, ಹಳೆ ಕಂಪ್ರೆಸರ್ ಅಂದ್ರೆ ಕೂತು ತಿನ್ನುವ ನೆಂಟನ ಹಾಗೆ. ಎಂಜಿನಿನ ಜೀವ ತೆಗಿತದೆ, ಕೆಲಸ ಎಂತದೂ ಇಲ್ಲ. ಅದನ್ನು ತೆಗೆದು ಹೊಸ ನಮೂನೆಯದ್ದು ಸಣ್ಣದು ಕೂರಿಸುವ. ನನ್ನತ್ರ ಒಂದು ಉಂಟು. ಆದ್ರೆ ಇವತ್ತೇ ಅಂದ್ರೆ..."

"ಇವತ್ತೇ ಆಗ್ಬೇಕು ಮಾರಾಯ! ಕಂಪ್ರೆಸರ್ ಈಗಲೇ ಬೇಕು! ಸಂಜೆ ಒಳಗೆ ಆಗದಿದ್ರೆ ನಾನು ಉಳಿಲಿಕ್ಕಿಲ್ಲ!"

ಇಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಕಂಪೌಂಡಿನ ಆಚೆ ಸೀನಣ್ಣ ಬಟ್ಟೆ ಒಣಗಿಸುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತಿಯಾದ ಸೀನಣ್ಣನಿಗೆ ಮೂರು ತಾಲೂಕಿನಲ್ಲಿ ಗೊತ್ತಿಲ್ಲದ ಜನವಿರಲಿಲ್ಲ. ಉಪಕಾರ ಮಾಡದೆ ಅನ್ನ ಸೇರುತ್ತಿರಲಿಲ್ಲ. ಕೇಳಿ ಉಪಕಾರ ಮಾಡುವ ಅಭ್ಯಾಸವೂ ಇರಲಿಲ್ಲ. ಒದ್ದೆ ಕೈಯಲ್ಲೇ ಫೋನ್ ತೆಗೆದರು.

ಹಕೀಮ್ ಬಂದು, ಬಾನೆಟ್ ತೆಗೆದು, ಹಳೆ ಕಂಪ್ರೆಸರ್ ಕಳಚಿ ನೆಲದ ಮೇಲಿಟ್ಟು, ಪೈಪುಗಳ ಬಾಯಿ ತೆರೆದ ಹೊತ್ತಿಗೆ ಕೆಳಗಿನ ಏರಿನಿಂದ ಗುಡುಗಿನಂಥ ಸದ್ದು ಬಂತು. ಓಣಿಯ ಎರಡೂ ಬದಿಯ ಪಾಗಾರದ ಗೋಡೆ ಸವರಿಕೊಂಡು ಒಂದು ಟ್ರ್ಯಾಕ್ಟರು ಏರುತ್ತಿತ್ತು. ಅದರ ಹಿಂದೆ ಬಂಡೆ ಕೊರೆಯುವ ಯಂತ್ರ, ಆನೆಯ ಸೊಂಡಿಲಿನಷ್ಟು ದಪ್ಪದ ಪೈಪು.

ಡ್ರೈವರ್ ಇಳಿದ. ನೆಲ್ಯಾಡಿಯ ಕುಂಞಿ ಮೋನು.

"ಉಲ್ಲಾಸಣ್ಣನ ಮನೆ ಇದುವಾ? ಕಂಪ್ರೆಸರ್ ಬಂದದೆ. ಕಲ್ಲು ಎಲ್ಲುಂಟು?"

"ಎಂತ ಕಲ್ಲು?" ಎಂದ ಉಲ್ಲಾಸ.

"ಒಡಿಲಿಕ್ಕೆ. ಅರ್ಜೆಂಟ್, ಸಂಜೆ ಒಳಗೆ ಆಗದಿದ್ರೆ ಜನ ಉಳಿಲಿಕ್ಕಿಲ್ಲ ಅಂತ ಸೀನಣ್ಣ ಫೋನ್ ಮಾಡಿದ್ರು. ಒಂದು ಬಾವಿ ಕೆಲಸ ಅರ್ಧಕ್ಕೆ ಬಿಟ್ಟು ಬಂದೆ."

"ಕಲ್ಲಿಗೆ ಅಲ್ಲ ಮಾರಾಯ್ರೆ, ಕಾರಿಗೆ!"

ಕುಂಞಿ ಮೋನು ಕೆಂಪು ಕಾರನ್ನು ಒಮ್ಮೆ ನೋಡಿದ, ತನ್ನ ಯಂತ್ರವನ್ನು ಒಮ್ಮೆ ನೋಡಿದ. "ಕಾರಿಗೆಲ್ಲ ನಾನು ಹೊಡಿಯುದಿಲ್ಲ. ಚಂದ ಉಂಟು, ಪಾಪ."

ಸೀನಣ್ಣ ಗೇಟಿನಲ್ಲಿ ನಿಂತು ಉಪಕಾರದ ನಗೆ ನಗುತ್ತಿದ್ದರು. "ಸಿಕ್ಕಿತಾ? ದೊಡ್ಡದೇ ಕಳಿಸ್ಲಿಕ್ಕೆ ಹೇಳಿದೆ. ಸಣ್ಣದರಲ್ಲಿ ಯಾವ ಕೆಲಸವೂ ಆಗುದಿಲ್ಲ."

ನಮ್ಮ ಕಡೆ ಕಂಪ್ರೆಸರ್ ಎಂದರೆ ಪಾದೆಕಲ್ಲು ಒಡೆಯುವ ಟ್ರ್ಯಾಕ್ಟರೇ. ಸೀನಣ್ಣನ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ.

ಟ್ರ್ಯಾಕ್ಟರು ಬಂದದ್ದು ಕೇಳಿ ಕೆಳಗಿನ ಮನೆಯ ಸಫಿಯಮ್ಮ ಓಡಿಬಂದರು. "ಪಡೆಚ್ಚೋನೇ, ದೇವರೇ! ಉಲ್ಲಾಸಾ, ಮೋನೇ, ಮಗಾ, ಬಾವಿ ತೋಡ್ತಿಯಾ? ನೀನು ಇಲ್ಲಿ ಕೊರೆದ್ರೆ ನನ್ನ ಬಾವಿಯ ನೀರು ಇತ್ತ ಬರುದಿಲ್ವಾ? ನಾನು ನಿನಗೆ ಎಷ್ಟು ಸಲ ಅಕ್ಕಿರೊಟ್ಟಿ ಪತ್ತಿರಿ ಕಳಿಸಿಕೊಟ್ಟಿದ್ದೇನೆ!"

"ಬಾವಿ ಅಲ್ಲ ಸಫಿಯಮ್ಮ, ಕಾರಿನ ಎಸಿ."

"ಎಸಿಗೆ ಟ್ರ್ಯಾಕ್ಟರು ಎಂತಕ್ಕೆ? ನನ್ನನ್ನು ಮಂಗ ಮಾಡ್ಬೇಡ."

ಹಕೀಮ್ ಸಣ್ಣ ಕಂಪ್ರೆಸರನ್ನು ಎತ್ತಿ ತೋರಿಸಿದ. ಹಲಸಿನ ಹಣ್ಣಿನ ಪಕ್ಕ ಪೇರಳೆಯ ಹಾಗಿದ್ದ ಅದನ್ನು ನೋಡಿ ಅವರಿಗೆ ನಂಬಿಕೆ ಬಂತು. ನಂಬಿಕೆಯ ಹಿಂದೆಯೇ ಯೋಚನೆಯೂ ಬಂತು.

"ಹಾಗಾದ್ರೆ ಈ ದೊಡ್ಡದು ಸುಮ್ಮನೆ ವಾಪಸು ಹೋಗುದಾ? ನನ್ನ ಗೇಟಿನೆದುರು ಆ ಕಲ್ಲು ಉಂಟಲ್ಲ, ರಿಕ್ಷಾ ತಿರುಗಿಸ್ಲಿಕ್ಕೆ ಆಗುದಿಲ್ಲ. ಒಂದು ಹೊಡೆದು ಹೋಗ್ಲಿ. ಆಗದಾ, ಉಲ್ಲಾಸಾ?"

ಎಲ್ಲರೂ ಉಲ್ಲಾಸನನ್ನು ನೋಡಿದರು. ಉಲ್ಲಾಸ ತಲೆಯಾಡಿಸಿದ.

ಯಂತ್ರ ಶುರುವಾಯಿತು. ಓಣಿ ನಡುಗಿತು, ಸೀನಣ್ಣನ ಹಗ್ಗದಿಂದ ಬಟ್ಟೆಗಳು ಒಂದೊಂದಾಗಿ ಜಾರಿದವು. ಬಿಳಿ ಧೂಳು ಪೌಡರ್ ಡಬ್ಬ ಒಡೆದ ಹಾಗೆ ಏರಿಬಂತು.

"ಉಲ್ಲಾಸಣ್ಣ, ಧೂಳು!" ಹಕೀಮ್ ಎದೆ ಬಡಿದುಕೊಂಡ. "ಪೈಪಿನ ಒಳಗೆ ಒಂದು ಚಿಟಿಕೆ ಹೋದ್ರೂ ಹೊಸ ಕಂಪ್ರೆಸರ್ ಢಮಾರ್! ಮುಚ್ಚಿ, ಮುಚ್ಚಿ!"

"ಎಂತದರಲ್ಲಿ?"

"ಎಂತದಾದ್ರೂ ಆಗ್ತದೆ!"

ಹೆಗಲಿಗೆ ಹಾಕುವ ಬೈರಾಸು ಒಳಗೆ ಒಣಗುತ್ತಿತ್ತು. ಉಲ್ಲಾಸ ಉಟ್ಟ ಪಂಚೆಯನ್ನೇ ಬಿಚ್ಚಿ ಎಂಜಿನಿನ ಮೇಲೆ ಹರಡಿ, ಅದರ ಮೇಲೆ ತಾನೇ ಕವುಚಿ ಮಲಗಿದ. ಕಲ್ಲು ಒಡೆಯುವುದನ್ನು ನೋಡಲು ನೆರೆದಿದ್ದ ಓಣಿಯ ಜನಕ್ಕೆ ಆಮೇಲೆ ಯಾವುದನ್ನು ನೋಡುವುದೆಂದು ತಿಳಿಯಲಿಲ್ಲ. ಪಟ್ಟೆಪಟ್ಟೆ ಚಡ್ಡಿಯ ಒಬ್ಬ ಗೃಹಸ್ಥ, ಕಾರನ್ನು ತಬ್ಬಿಕೊಂಡು, ಯಂತ್ರದ ಪ್ರತಿ ಹೊಡೆತಕ್ಕೂ ತಾನೂ ಅದುರುತ್ತಿದ್ದ.

"ಅಷ್ಟು ಪ್ರೀತಿ ಉಂಟಾ ಆ ಕಾರಿನ ಮೇಲೆ?" ಎಂದು ಯಾರೋ ಹೆಂಗಸು ಕೇಳಿದ್ದೂ, "ಹೆಂಡತಿ ಮನೆಯಲ್ಲಿಲ್ಲ" ಎಂದು ಸೀನಣ್ಣ ಉತ್ತರಿಸಿದ್ದೂ ಅವನಿಗೆ ಕೇಳಿಸಿತು.

ಕಲ್ಲು ಒಡೆದಾಯಿತು. ಧೂಳು ಕೂತಾಯಿತು. ಸಫಿಯಮ್ಮ ಬೊಂಡ ಕೆತ್ತಿಸಿ ಎಲ್ಲರಿಗೂ ಎಳನೀರು ಕೊಡಿಸಿದರು. ಹಕೀಮ್ ಹೊಸ ಕಂಪ್ರೆಸರನ್ನು ಜಾಗಕ್ಕೆ ಹಿಡಿದರೆ ಬೆಲ್ಟಿನ ಸಾಲಿಗೆ ಬರಲಿಲ್ಲ, ಒಂದು ಬೆರಳಿನಷ್ಟು ಒಳಗೆ ಕೂರುತ್ತಿತ್ತು.

"ಬ್ರಾಕೆಟ್ ಬೇರೆ ಮಾಡಿಸ್ಬೇಕು. ನಾಳೆ ಆಗ್ತದೆ," ಎಂದ.

'ನಾಳೆ' ಎಂಬ ಮಾತು ಕೇಳಿ ಉಲ್ಲಾಸ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಮುಖ ನೋಡಲಾರದೆ ಕುಂಞಿ ಮೋನು ತನ್ನ ಟೂಲ್ ಬಾಕ್ಸ್ ತಂದು ಸುರಿದ. ಅದರಲ್ಲಿದ್ದ ದಪ್ಪ ವಾಷರುಗಳನ್ನು ಒಂದರ ಮೇಲೊಂದು ಪೇರಿಸಿ, ಉದ್ದದ ಬೋಲ್ಟ್ ಹಾಕಿ ಬಿಗಿದರೆ ಬೆಲ್ಟು ನೇರಕ್ಕೆ ಬಂತು.

"ನಾನು ದುಬಾಯಲ್ಲಿ ಹೀಗೆಯೇ ಮಾಡ್ತಿದ್ದದ್ದು," ಎಂದ ಹಕೀಮ್.

"ಹಾಗಾದ್ರೆ ಬೆಳಿಗ್ಗೆಯೇ ಮಾಡ್ಬಹುದಿತ್ತಲ್ಲ?" ಎಂದ ಕುಂಞಿ ಮೋನು.

ಪೈಪಿನ ಗಾಳಿ ಎಳೆದು, ಗ್ಯಾಸ್ ತುಂಬಿ, ಹಕೀಮ್ ಎಂಜಿನ್ ಚಾಲೂ ಮಾಡಿದ. ಸ್ವಿಚ್ ಒತ್ತಿದ. ಟಕ್ ಎಂದಿತು. ಎಂಜಿನ್ ಕೆಮ್ಮಲಿಲ್ಲ. ಜಾಲರಿಯಿಂದ ಬಂದ ಗಾಳಿ ಮೊದಲು ಬೆಚ್ಚಗಿತ್ತು, ಮತ್ತೆ ತಂಪಾಯಿತು, ಮತ್ತೆ ಚಳಿಯಾಯಿತು.

ಕುಂಞಿ ಮೋನು ಟ್ರ್ಯಾಕ್ಟರು ಇಳಿಸಿಕೊಂಡು ತನ್ನ ಬಾವಿ ಕೆಲಸಕ್ಕೆ ಹೋದ. ಓಣಿಯವರು ಸರದಿಯಲ್ಲಿ ನಿಂತು, ಒಬ್ಬೊಬ್ಬರಾಗಿ ಕಾರಿನಲ್ಲಿ ಕೂತು ನೋಡಿದರು. ಸಫಿಯಮ್ಮ ಒಳಗೆ ಹೋದವರು ಬೇಗ ಹೊರಗೆ ಬರಲಿಲ್ಲ. ಮೊದಲು ಸೀಟು ತಗ್ಗಾಗಿ ಏಳಲಾಗುತ್ತಿಲ್ಲ ಎಂದು ಎಲ್ಲರೂ ಅಂದುಕೊಂಡರು, ಆಮೇಲೆ ಏಳುವ ಮನಸ್ಸೇ ಇಲ್ಲವೆಂದು ಗೊತ್ತಾಯಿತು. ಉಲ್ಲಾಸ ಸ್ನಾನ ಮಾಡಿ, ಬೇರೆ ಪಂಚೆ ಉಟ್ಟು, ಮದುಮಗನ ಹಾಗೆ ಗೇಟಿನಲ್ಲಿ ನಿಂತ.

ಸ್ಕೂಟರ್ ಬಂತು. ಹಿಂದಿನ ಸೀಟಿನಲ್ಲಿ ದಿಶಾಂತ್. ಕಡಬದಿಂದ ಬಸ್ಸಿನಲ್ಲಿ ಬಂದಿದ್ದ.

"ಸಮೀಕ್ಷಾ, ಕೂತು ನೋಡು!" ಉಲ್ಲಾಸ ಬಾಗಿಲು ತೆರೆದ. "ಎಸಿ ಸರಿ ಮಾಡಿಸಿದೆ!"

ಸಮೀಕ್ಷಾ ಹೆಲ್ಮೆಟ್ ತೆಗೆದಳು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. ದಿಶಾಂತನ ಮುಖದಲ್ಲಿ ಮಾತ್ರ ಬೇಕಾದಷ್ಟು ಇತ್ತು.

"ಎಸಿ ಆಯ್ತಾ ಭಾವ?" ಅವನು ಆಗಲೇ ಒಳಗೆ ಕೂತಿದ್ದ. "ಅಬ್ಬ! ಅಕ್ಕ ಫೋನಲ್ಲಿ ಎಸಿ ಇಲ್ಲ ಹೇಳಿದ್ಳು. ಹಾಗಾದ್ರೆ ನನಗೆ ಬೇಡ, ಸುಮ್ಮನೆ ಬಂದು ನೋಡಿ ಹೋಗ್ತೇನೆ ಅಂದಿದ್ದೆ."

"ಫ್ರಿಡ್ಜ್‌ನ ಹಾಗೆ ಉಂಟು ಮೋನೇ, ಮೀನು ಇಡ್ಬಹುದು," ಎಂದರು ಸಫಿಯಮ್ಮ.

"ಬೆಳಿಗ್ಗೆಯಿಂದ ನಿಮಗಾಗಿ ನಿಂತು ಮಾಡ್ಸಿದ್ದು, ಉಟ್ಟ ಬಟ್ಟೆಯ ಮೇಲೂ ಗಮನ ಇರ್ಲಿಲ್ಲ," ಎಂದರು ಸೀನಣ್ಣ. "ಇಂಥ ಭಾವ ಸಿಗ್ಲಿಕ್ಕಿಲ್ಲ."

ಉಲ್ಲಾಸ ಹೆಂಡತಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದ. "ಎಸಿ ಇಲ್ಲದಿದ್ರೆ ಆಗುದಿಲ್ಲ ಅಂತ ನೀನೇ ಹೇಳಿದ್ದಲ್ವಾ?"

"ನನಗಾ? ಅವನಿಗೆ! ಅವನಿಗೆ ಆಗುದಿಲ್ಲ ಅಂತ ಹೇಳಿದ್ದು," ಎಂದು ಸಮೀಕ್ಷಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಿಮಗೆ ಬಾಯಿ ಬಿಟ್ಟು ಬೇಡ ಹೇಳ್ಲಿಕ್ಕೆ ಬರುದಿಲ್ಲ. ಸುಮ್ಮನೆ ಕೂತಿದ್ರೆ ಅವನೇ ಬೇಡ ಹೇಳಿ ಹೋಗ್ತಿದ್ದ. ಅದಕ್ಕೇ ಅಲ್ವಾ ಗೊತ್ತಾಯ್ತಲ್ಲ ಅಂತ ಕೇಳಿದ್ದು? ತಲೆ ಬೇರೆ ಆಡಿಸಿದ್ರಿ!"

ಅಷ್ಟರಲ್ಲಿ ದಿಶಾಂತ್ ಕಾರನ್ನು ಓಣಿಗೆ ತಿರುಗಿಸಿದ್ದ. "ಈಗಲೇ ಕೊಂಡೋಗ್ತೇನೆ ಭಾವ. ಪೇಪರು ಗೀಪರು ಎಲ್ಲ ಮತ್ತೆ ಮಾಡುವ, ಆಗದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಾಜು ಏರಿಸಿದ.

ಕೆಂಪು ಕಾರು ಇಳಿಜಾರಿನಲ್ಲಿ ಸರಿಯತೊಡಗಿತು. ಉಲ್ಲಾಸ ಗೇಟಿನಿಂದ ಓಣಿಗೆ ಓಡಿದ. ಅವನು ಜೀವನದಲ್ಲಿ ಮೊದಲ ಸಲ ಎರಡೂ ಕೈ ಎತ್ತಿ ಕೂಗಿದ.

"ಇಲ್ಲ! ಕೊಡುದಿಲ್ಲ ಮಾರಾಯ! ಕೊಡುದಿಲ್ಲ!"

ಒಳಗೆ ತಂಪು, ಎರಡೂ ಗಾಜು ಪೂರ್ತಿ ಮುಚ್ಚಿತ್ತು. ಕನ್ನಡಿಯಲ್ಲಿ ಭಾವ ಕೈ ಬೀಸುವುದನ್ನು ಕಂಡ ದಿಶಾಂತ್ ತಾನೂ ಕೈ ಎತ್ತಿ, ಒಂದು ಹಾರ್ನ್ ಹೊಡೆದು, ತಿರುವಿನಲ್ಲಿ ಮರೆಯಾದ.

ಓಣಿಯವರೆಲ್ಲ ಉಲ್ಲಾಸನತ್ತ ತಿರುಗಿದರು. ಯಂತ್ರದ ಹೊಡೆತಕ್ಕೆ ಎಲ್ಲರ ಕಿವಿ ಇನ್ನೂ ಗುಂಯ್ ಎನ್ನುತ್ತಿತ್ತು.

"ಎಂತ ಕಿರುಚಿದ್ದು ನೀನು ಅವನಿಗೆ?" ಎಂದು ಸೀನಣ್ಣ ಕೇಳಿದರು.

ಉಲ್ಲಾಸ ಎಲ್ಲರ ಮುಖವನ್ನೂ ನೋಡಿದ, ಕೊನೆಗೆ ಹೆಂಡತಿಯ ಮುಖವನ್ನೂ ನೋಡಿದ. ಕೈ ಕೆಳಗಿಳಿಸಿದ.

"ಎಂತ ಇಲ್ಲ," ಎಂದ. "ತಿರುವಿನಲ್ಲಿ ನಿಧಾನ ಹೋಗ್ಲಿಕ್ಕೆ ಹೇಳಿದೆ."