ನನ್ನ ಚಿಕ್ಕಮ್ಮನ ಹುಬ್ಬು ತಿದ್ದಿದ ಕ್ಯಾಮೆರಾಗೆ

ನನ್ನ ಫೋನಿನ ಕ್ಯಾಮೆರಾದೊಳಗೆ ಹೇಳದೆ ಕೇಳದೆ ಬಿಡಾರ ಹೂಡಿರುವ ಮಾನ್ಯ ಬ್ಯೂಟಿ ಮೋಡ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಕಣ್ಣಿಗೆ ಬಿದ್ದವರು ಯಾರೂ ಕ್ಷೇಮವಲ್ಲದಂತೆ ಕಾಣಲು ತಾವು ಬಿಡುವುದೇ ಇಲ್ಲವಲ್ಲ. ಕಳೆದ ತಿಂಗಳು ಜ್ವರ ಬಂದು ಮಲಗಿದ್ದಾಗ, ರಜೆ ಕೇಳಲು ನನ್ನ ಬಾಡಿದ ಮುಖದ ಫೋಟೋವನ್ನು ಅಂಗಡಿಯ ಯಜಮಾನರಿಗೆ ಕಳಿಸಿದೆ. ತಾವು ಅದರ ಕೆನ್ನೆಗೆ ಗುಲಾಬಿ ಬಣ್ಣ ಬಳಿದು, ಕಣ್ಣಿಗೆ ಹೊಳಪು ಕೊಟ್ಟು ಮುಂದಕ್ಕೆ ಸಾಗಿಸಿದಿರಿ. ಯಜಮಾನರು ಫೋನ್ ಮಾಡಿ, ಜ್ವರ ಬಂದವಳೋ ಮದುವೆಗೆ ಹೊರಟವಳೋ ಎಂದು ವಿಚಾರಿಸಿದರು. ಅಂದೇ ಈ ಪತ್ರ ಬರೆಯಬೇಕಿತ್ತು. ಬರೆಯದೆ ಬಿಟ್ಟದ್ದಕ್ಕೆ ಕ್ಷಮಿಸಿ.

ನನ್ನ ಪರಿಚಯ ತಮಗಿಲ್ಲ. ನನ್ನ ಮುಖವನ್ನು ದಿನಕ್ಕೆ ಹತ್ತು ಸಲ ನೋಡಿದರೂ ಅದು ನನ್ನದೆಂದು ತಾವು ಒಪ್ಪಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತೇನೆ. ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ತಪಾಸಣೆಗೆ ಬಂದ ಅಧಿಕಾರಿಗಳು ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯನ್ನು ಕಂಡು ತಲೆದೂಗುತ್ತಿದ್ದಾಗ, ಹದಿನಾಲ್ಕು ಪೆಟ್ಟಿಗೆಗಳಲ್ಲಿ ಹನ್ನೊಂದರೊಳಗೆ ಬರೀ ಗಾಳಿ ಇದೆ ಎಂದು ಎದ್ದು ನಿಂತು ಹೇಳಿದೆ. ಆಮೇಲೆ ಶಾಲೆಗೂ ನನಗೂ ಸರಿಹೋಗಲಿಲ್ಲ. ಮೂರು ವರ್ಷದಲ್ಲಿ ಐದು ಕೆಲಸ ಹಿಡಿದು ನಾಲ್ಕು ಬಿಟ್ಟೆ. ಉಳಿದಿರುವುದು ಜೆರಾಕ್ಸ್ ಅಂಗಡಿಯ ಕೆಲಸ ಒಂದೇ, ಏಕೆಂದರೆ ಆ ಯಂತ್ರದ ಸ್ವಭಾವ ನನಗೆ ಹಿಡಿಸಿದೆ. ಕಾಗದದ ಮೇಲೆ ಚಹಾದ ಕಲೆ ಇದ್ದರೆ ಅದು ಕಲೆಯನ್ನೂ ಕೊಡುತ್ತದೆ, ಗಾಜಿನ ಮೇಲೆ ಸೊಳ್ಳೆ ಸತ್ತಿದ್ದರೆ ಸೊಳ್ಳೆಯನ್ನೂ ಕೊಡುತ್ತದೆ. ಅದಕ್ಕೆ ತಮ್ಮಷ್ಟು ವಿದ್ಯೆ ಇಲ್ಲ, ಪಾಪ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನನ್ನು ಸಾಕಿದ ಚಿಕ್ಕಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕಾಲರ್ ಕೂರಿಸುತ್ತಾರೆ. ಆರು ವರ್ಷದ ಹಿಂದೆ ಅಲ್ಲಿಯೇ ಹೊಲಿಗೆ ಯಂತ್ರದ ಸೂಜಿ ಮುರಿದು ಹಾರಿ ಅವರ ಎಡ ಹುಬ್ಬನ್ನು ಸೀಳಿತು. ಗಾಯ ಮಾಯ್ದರೂ ಅಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ, ಹುಬ್ಬು ಎರಡು ತುಂಡಾಗಿಯೇ ಉಳಿಯಿತು. ಇತ್ತೀಚೆಗೆ ಕಾರ್ಖಾನೆಯವರು ಗೇಟಿಗೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ತಂದು, ಎಲ್ಲರೂ ಆನ್‌ಲೈನಿನಲ್ಲಿ ಫೋಟೋ ಕಳಿಸಬೇಕು ಎಂದರು. ನಮ್ಮ ಅಂಗಡಿಯ ಶಟರ್ ಮುಂದೆ ನಿಲ್ಲಿಸಿ ಚಿಕ್ಕಮ್ಮನ ಫೋಟೋ ತೆಗೆದವಳು ನಾನೇ. ತಾವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವರ ವಯಸ್ಸಿನಲ್ಲಿ ಹತ್ತು ವರ್ಷ ಇಳಿಸಿ, ಕಣ್ಣಿನ ಕೆಳಗಿನ ಕಪ್ಪು ಒರೆಸಿ, ಸೀಳಿದ ಹುಬ್ಬಿಗೆ ಕೂದಲು ನೆಟ್ಟಿರಿ.

ಚಿಕ್ಕಮ್ಮ ಫೋನನ್ನು ಅಂಗೈಯಿಂದ ಒರೆಸಿ ಮತ್ತೆ ನೋಡಿದರು. "ಇಷ್ಟು ಚೆನ್ನಾಗಿದ್ದೀನೇನೇ ನಾನು?" ಅಂದರು. ಹುಬ್ಬು ಕೂಡಿಕೊಂಡಿದ್ದು ನನಗೆ ಕಾಣಿಸಿತ್ತು. ಅಧಿಕಾರಿಗಳ ಮುಂದೆ ಗಾಳಿಯ ಪೆಟ್ಟಿಗೆಗಳನ್ನು ಎಣಿಸಿ ಹೇಳಿದ ನನ್ನ ಬಾಯಿ ಅಂದು ತೆರೆಯಲಿಲ್ಲ. ಫೋಟೋ ಕಳಿಸಿಬಿಟ್ಟೆ. ಇದನ್ನು ದೂರಿನಲ್ಲಿ ಸೇರಿಸಬೇಕಾಗಿರಲಿಲ್ಲ, ಆದರೆ ತಮ್ಮ ತಪ್ಪನ್ನು ಹೇಳುವವಳು ನನ್ನದನ್ನು ಮುಚ್ಚಿಟ್ಟರೆ ತಮಗೂ ನನಗೂ ಏನು ವ್ಯತ್ಯಾಸ?

ಮರುವಾರ ಗೇಟಿನ ಯಂತ್ರ ಚಿಕ್ಕಮ್ಮನ ಮುಖ ನೋಡಿ ಕೆಂಪು ದೀಪ ಹತ್ತಿಸಿತು. ಹನ್ನೊಂದು ವರ್ಷದಿಂದ ಅವರಿಗೆ ನಮಸ್ಕಾರ ಹೇಳುತ್ತಿರುವ ಕಾವಲಿನಣ್ಣ ತಲೆ ಕೆರೆದುಕೊಂಡು, "ನೀವು ಯಾರು ಅಂತ ನಂಗೊತ್ತಕ್ಕಾ, ಇದಕ್ಕೆ ಗೊತ್ತಿಲ್ವಲ್ಲ" ಅಂದನಂತೆ. ಸತತ ಐದು ದಿನ ಗೈರಾದರೆ ಹೆಸರು ಹೊಡೆದುಹಾಕುವುದು ಅಲ್ಲಿಯ ನಿಯಮ. ಎರಡನೆಯ ದಿನ ಚಿಕ್ಕಮ್ಮ ಪೌಡರ್ ಹಚ್ಚಿಕೊಂಡು ಹೋದರು, ಮೂರನೆಯ ದಿನ ಪೆನ್ಸಿಲಿನಿಂದ ಹುಬ್ಬು ಕೂಡಿಸಿಕೊಂಡು ಹೋದರು. ದೀಪ ಬಣ್ಣ ಬದಲಿಸಲಿಲ್ಲ, ಮೂರು ದಿನವೂ ಗೇಟಿನಿಂದಲೇ ಮನೆಗೆ ಮರಳಿದರು. ತಮ್ಮ ಕೈಚಳಕ ಮನುಷ್ಯರಿಗೆ ಬರುವಂಥದ್ದಲ್ಲ ಎಂದು ಅಲ್ಲಿಗೆ ಸಾಬೀತಾಯಿತು, ಅಭಿನಂದನೆಗಳು.

ಫೋಟೋ ಬದಲಿಸಿಕೊಡಿ ಎಂದು ಹಾಜರಿ ನೋಡುವ ಅಧಿಕಾರಿಯನ್ನು ಕೇಳಿಕೊಂಡೆ. ಬದಲಿಸಬಹುದು, ಆದರೆ ಬದಲಿಸಲು ಬಂದವರು ಅವರೇ ಎಂದು ಮೊದಲು ಯಂತ್ರ ಗುರುತಿಸಬೇಕು ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಇಂಥ ನಿಯಮವನ್ನು ಯೋಚಿಸಿದವರ ಮುಖವನ್ನಾದರೂ ತಾವು ತಿದ್ದದೆ ಇದ್ದ ಹಾಗೆ ತೋರಿಸಬೇಕೆಂದು ನನ್ನ ಕೋರಿಕೆ.

ನಾಲ್ಕನೆಯ ದಿನ ನಾನೇ ಜೊತೆಗೆ ಹೋಗಿ, ಫೋನಿನಲ್ಲಿದ್ದ ತಮ್ಮ ಫೋಟೋವನ್ನು ಯಂತ್ರದ ಮುಂದೆ ಹಿಡಿದೆ. ಹಸಿರು ದೀಪ ಹತ್ತಿತು, ಯಂತ್ರ ಇಂಪಾದ ದನಿಯಲ್ಲಿ ಸ್ವಾಗತ ಕೋರಿತು. ಬೆನ್ನು ನೋಯುವ, ಹುಬ್ಬು ಸೀಳಿದ, ಕೆಲಸ ಬಲ್ಲ ಹೆಂಗಸು ಫೋಟೋದ ಹಿಂದೆ ತಲೆ ತಗ್ಗಿಸಿ ಒಳಗೆ ಹೋಗಿ ದಿನವಿಡೀ ಕಾಲರ್ ಕೂರಿಸಿದರು. ಅವರು ತಲೆ ತಗ್ಗಿಸಿದ್ದು ನನಗೆ ಹಿಡಿಸಲಿಲ್ಲ. ಸಂಜೆ ಅಧಿಕಾರಿಯ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಹೇಳಿದರೆ ಸರಿಪಡಿಸುತ್ತಾರೆ ಎಂಬ ಭ್ರಮೆ ನನ್ನನ್ನು ಶಾಲೆಯಲ್ಲೇ ಬಿಟ್ಟುಹೋಗಬೇಕಿತ್ತು. ಅವರು ಪರದೆ ನೋಡಿ, "ಹಾಗಾದ್ರೆ ಇವತ್ತು ಬಂದಿದ್ದು ಫೋಟೋ ಕಣಮ್ಮ, ನಿಮ್ಮ ಚಿಕ್ಕಮ್ಮ ಅಲ್ಲ" ಎಂದು ನಾಲ್ಕನೆಯ ಗೈರನ್ನೂ ಬರೆದುಕೊಂಡರು.

ಮನೆಯಲ್ಲಿ ಚಿಕ್ಕಮ್ಮ ತಟ್ಟೆ ಇಡುತ್ತಾ ಕೇಳಿದ್ದು ಒಂದೇ ಮಾತು. "ಒಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನೇ ನಿಂಗೆ?"

"ಮುಚ್ಕೊಂಡಿದ್ನಲ್ಲ ಚಿಕ್ಕಮ್ಮ," ಅಂದೆ, "ಫೋಟೋ ತೆಗೆದ ದಿನ."

ಐದನೆಯ ದಿನ ನಾವಿಬ್ಬರೂ ಗೇಟಿನ ಹೊರಗೆ ನಿಂತೆವು. ಒಳಗೆ ಚಿಕ್ಕಮ್ಮನ ಜಾಗದಲ್ಲಿ ಕೂತವರಿಗೆ ಕಾಲರಿನ ಮೂಲೆ ತಿರುಗಿಸಲು ಬರದೆ, ಮೊದಲ ಮೂರು ದಿನದ ಬಾಕಿಯೂ ಸೇರಿ, ಹನ್ನೊಂದು ಗಂಟೆಯ ಹೊತ್ತಿಗೆ ಕುತ್ತಿಗೆ ಇಲ್ಲದ ಅಂಗಿಗಳು ಆಳೆತ್ತರ ಬಿದ್ದಿದ್ದವಂತೆ. ಹಾಜರಿಯ ಅಧಿಕಾರಿಯೇ ಏದುಸಿರು ಬಿಡುತ್ತಾ ಬಂದು ಕಾವಲಿನಣ್ಣನಿಗೆ, "ಹುಬ್ಬು ಸೀಳಿರೋ ಅಕ್ಕ ಒಬ್ರಿದ್ರಲ್ಲ, ಬೇಗ ಕರಿಯಪ್ಪಾ" ಅಂದರು. ಗಮನಿಸಿ ಮಾನ್ಯರೇ, ಬೇಕಾದಾಗ ಅವರು ಗುರುತು ಹೇಳಿದ್ದು ತಾವು ಅಳಿಸಿದ್ದನ್ನು, ಅವರದೇ ಕಾರ್ಖಾನೆ ಕೊಟ್ಟದ್ದನ್ನು.

ಚಿಕ್ಕಮ್ಮ ಕದಲಲಿಲ್ಲ. ಕಾವಲಿನಣ್ಣನ ಸ್ಟೂಲ್ ಎಳೆದುಕೊಂಡು ಕೂತರು. "ಹುಬ್ಬು ಸೀಳಿರೋರು ನಿಮ್ಮ ದಾಖಲೆಯಲ್ಲಿ ಯಾರೂ ಇಲ್ಲ ಸಾರ್. ಮೊದ್ಲು ಅದನ್ನ ಸರಿ ಮಾಡಿ, ಆಮೇಲೆ ಕಾಲರ್."

ಬದಲಿಸಲು ಬಾರದ ನಿಯಮ ಹನ್ನೆರಡು ನಿಮಿಷದಲ್ಲಿ ಬದಲಾಯಿತು. ಒಂದರ ಹಿಂದೆ ಒಂದು ಅಡಗಿದ್ದ ತಮ್ಮ ನಾಲ್ಕು ಸ್ವಿಚ್ಚುಗಳನ್ನು ಹುಡುಕಿ ಆರಿಸಿ, ಅಲ್ಲಿಯೇ ಬಿಸಿಲಿನಲ್ಲಿ ಹೊಸ ಫೋಟೋ ತೆಗೆದೆ. ಚಿಕ್ಕಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ, "ಇವಳೇ ಬಿಡು" ಅಂದು ಎದ್ದು ಒಳಗೆ ಹೋದರು, ತಲೆ ಎತ್ತಿಕೊಂಡು.

ಆದ್ದರಿಂದ ತಮ್ಮಲ್ಲಿ ವಿನಂತಿ. ತಮಗೆ ಸುಂದರಗೊಳಿಸದೆ ಇರಲಾಗದಿದ್ದರೆ ನಮ್ಮ ಬೀದಿಯ ಗುಂಡಿಗಳಿವೆ, ನಮ್ಮ ಅಡುಗೆಮನೆಯ ಗೋಡೆಯಲ್ಲಿ ಬಿರುಕಿದೆ, ನನ್ನ ಹಳೆಯ ಶಾಲೆಯಲ್ಲಿ ಹನ್ನೊಂದು ಖಾಲಿ ಪೆಟ್ಟಿಗೆಗಳಿವೆ, ದಯಮಾಡಿಸಿ. ಆ ಕಾರ್ಖಾನೆಯ ಮುರಿಯುವ ಸೂಜಿಗಳನ್ನು ತಿದ್ದಿದರಂತೂ ನಾನೇ ತಮ್ಮ ನಾಲ್ಕು ಸ್ವಿಚ್ಚುಗಳನ್ನೂ ಹಾಕಿಕೊಡುತ್ತೇನೆ. ಮುಖಗಳನ್ನು ಮಾತ್ರ ಬಿಟ್ಟುಬಿಡಿ, ಅವುಗಳಿಂದ ನಮಗೆ ಕೆಲಸವಿದೆ.

ಮೊಡವೆಗಳ ಸಮೇತ,
ತಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯ ಹುಡುಗಿ

ಮರೆತಿದ್ದ ಮಾತು: ನಾಲ್ಕನೆಯ ದಿನದ ಹಾಜರಿ ಇಂದಿಗೂ ತಮ್ಮ ಫೋಟೋದ ಪಾಲಿಗೇ ಇದೆ. ಅಂದು ಕೂರಿಸಿದ ಕಾಲರ್‌ಗಳಲ್ಲಿ ಒಂದರ ಹೊಲಿಗೆ ಬಿಟ್ಟಿದೆಯೆಂದು ಈಗ ದೂರು ಬಂದಿದೆಯಂತೆ. ಚಿಕ್ಕಮ್ಮ ಆ ದಿನ ಗೈರು. ಬಿಚ್ಚಿ ಮತ್ತೆ ಹೊಲಿಯಬೇಕಾಗಿದೆ, ದಯವಿಟ್ಟು ಫೋಟೋವನ್ನು ಬೆಳಿಗ್ಗೆ ಎಂಟೂವರೆಯೊಳಗೆ ಗೇಟಿಗೆ ಕಳಿಸಿಕೊಡಿ.