ಹೇಳಿಕೆ ಡಾಟ್ ಕಾಮ್

ಇಂಟರ್ನೆಟ್ಟನ್ನು ಸ್ಕೂಟರಿನಲ್ಲಿ ಮನೆಮನೆಗೆ ಮುಟ್ಟಿಸಿದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬರೇ! ನಗಬೇಡಿ. ವಾಮದಪದವಿನಿಂದ ಮೂಡುಬಿದಿರೆಯವರೆಗೆ ಇದಕ್ಕೆ ಸಾಕ್ಷಿ ಹೇಳುವವರಿದ್ದಾರೆ. ಅವರೂ ನಗುತ್ತಲೇ ಹೇಳುತ್ತಾರೆ ಎಂಬುದು ಬೇರೆ ಮಾತು.

ಮದುವೆ-ಮುಂಜಿಗೆ ಮನೆಗೆ ಹೋಗಿ ಕರೆಯುವುದಕ್ಕೆ ನಮ್ಮ ಕಡೆ ಹೇಳಿಕೆ ಎನ್ನುತ್ತಾರೆ. ಅಂಚೆಯಲ್ಲಿ ಬಂದ ಕಾಗದ ಹೇಳಿಕೆಯಲ್ಲ. ದಾರಿಯಲ್ಲಿ ಸಿಕ್ಕಾಗ ಹೇಳಿದ್ದಂತೂ ಅಲ್ಲವೇ ಅಲ್ಲ. ಮನೆಗೆ ಹೋಗಬೇಕು, ಬೆಲ್ಲ-ನೀರು ಕುಡಿಯಬೇಕು, ಹಸು ಕರು ಹಾಕಿತೇ ಎಂದು ವಿಚಾರಿಸಬೇಕು, ಎದ್ದು ಹೊರಡುವಾಗ "ಎಲ್ಲರೂ ಮುಂಚಿನ ದಿನವೇ ಬರ್ಬೇಕು" ಎನ್ನಬೇಕು. ಒಂದು ಮದುವೆಯಲ್ಲಿ ಹೀಗೆ ಹೇಳಿಕೆಗೆ ಅಲೆದು ಅಲೆದು ಸುಸ್ತಾದ ಮದುಮಗನ ಅಪ್ಪ ಮಂಟಪದಲ್ಲೇ ನಿದ್ದೆಹೋದದ್ದನ್ನು ಕಂಡು ಮಾವನಿಗೆ ಜ್ಞಾನೋದಯವಾಯಿತು. "ಇನ್ನು ಯಾರೂ ಅಲೆಯುವುದು ಬೇಡ. ಇಂಟರ್ನೆಟ್ ಉಂಟಲ್ಲ!"

ಆಗ ಇಂಟರ್ನೆಟ್ ಇನ್ನೂ ಟೆಲಿಫೋನ್ ತಂತಿಯಲ್ಲಿ ತೆವಳಿಕೊಂಡು ಬರುತ್ತಿದ್ದ ಕಾಲ. ಮಾವ ಮೇಷ್ಟ್ರ ಕೆಲಸ ಬಿಟ್ಟು, ಮೆಲ್ಕಾರಿನ ಬೇಕರಿಯೊಂದರ ಮಾಳಿಗೆಯಲ್ಲಿ 'ಹೇಳಿಕೆ ಡಾಟ್ ಕಾಮ್' ತೆರೆದರು. ಗಣಹೋಮದ ದಿನ ಮೋಡೆಮ್ ಗೊರಗೊರ ಎಂದದ್ದನ್ನು ಕೇಳಿ ಅತ್ತೆ ಗಾಬರಿಯಾದರು.

"ಇದಕ್ಕೆ ಕಫ ಕಟ್ಟಿದ ಹಾಗೆ ಕೇಳ್ತದಲ್ಲ! ಕಷಾಯ ಮಾಡಿ ತರ್ಲಾ?"

"ಸುಮ್ಮನಿರು. ಅದು ಅಮೆರಿಕದೊಟ್ಟಿಗೆ ಮಾತಾಡ್ತಾ ಉಂಟು."

"ಅಮೆರಿಕದಿಂದ ಯಾರು ಬರ್ತಾರೆ ನಮ್ಮಲ್ಲಿಗೆ ಊಟಕ್ಕೆ?"

ಈ ಪ್ರಶ್ನೆಗೆ ಕಂಪೆನಿ ಕೊನೆಯವರೆಗೂ ಉತ್ತರ ಕಂಡುಹಿಡಿಯಲಿಲ್ಲ.

ಮೊದಲ ಗಿರಾಕಿ ಮಡಂತ್ಯಾರಿನ ಒಬ್ಬ ಹೋಟೆಲಿನವರು, ಮಗನ ಮದುವೆಗೆ. ಆಮಂತ್ರಣವೇನೋ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ತಯಾರಾಯಿತು. ಆದರೆ ಕಳಿಸುವುದು ಎಲ್ಲಿಗೆ? ನೆಂಟರಲ್ಲಿ ಒಬ್ಬರಿಗಾದರೂ ಈಮೈಲ್ ಇರಬೇಡವೇ? ಮಾವ ಬಿಡುವವರಲ್ಲ. ಎಲ್ಲರ ಹೆಸರಿನಲ್ಲೂ ತಾವೇ ವಿಳಾಸ ತೆರೆದರು, ತಾವೇ ಕಳಿಸಿದರು, ಅದೇ ಕಂಪ್ಯೂಟರಿನಲ್ಲಿ ಅವರ ಪರವಾಗಿ ತಾವೇ ತೆರೆದು ಓದಿದರು. ಮುಟ್ಟಿತು ಎಂದು ಸಂತೋಷವನ್ನೂ ಪಟ್ಟರು. ಆದರೆ ಸಂಗತಿ ನೆಂಟರಿಗೆ ತಿಳಿಯಬೇಕಲ್ಲ? ಸ್ಕೂಟರ್ ಹೊರಟಿತು! "ನಿಮಗೆ ಇಂಟರ್ನೆಟ್ಟಿನಲ್ಲಿ ಒಂದು ಹೇಳಿಕೆ ಬಂದಿದೆ" ಎಂದು ಮನೆಮನೆಗೆ ಹೋಗಿ ಹೇಳಿದರು. ಬೆಲ್ಲ-ನೀರು, ಹಸು, ಕರು ಒಂದೂ ತಪ್ಪಲಿಲ್ಲ. ಮದುವೆಗೆ ಜನವೋ ಜನ. ಅರ್ಧಕ್ಕರ್ಧ ಮಂದಿ ಉಡುಗೊರೆಯನ್ನು ಮಾವನ ಕೈಗೇ ಕೊಟ್ಟು, "ಹುಡುಗ ನಿಮಗೆ ಎಂಥ ಆಗ್ಬೇಕು?" ಎಂದು ಕೇಳಿದರು.

ಹೆಸರು ಬಂತು. ಮಸ್ಕತ್ತಿನಲ್ಲಿದ್ದ ಮೂಡುಬಿದಿರೆಯವರೊಬ್ಬರು ಸೋದರತ್ತೆಯ ಮೊಮ್ಮಗಳ ಮದುವೆಯ ಆಮಂತ್ರಣವನ್ನು ಕಂಪ್ಯೂಟರಿನಲ್ಲಿ ಕಂಡು, "ಊರಿನವರು ನನ್ನನ್ನು ಮರೀಲಿಲ್ಲ ಮಾರಾಯ್ರೆ" ಎಂದು ಫೋನಿನಲ್ಲೇ ಅತ್ತರಂತೆ. ಆ ಅಳು ಕೇಳಿದ ಮೇಲೆ ಮಾವನನ್ನು ಹಿಡಿಯುವವರಿರಲಿಲ್ಲ. ಎರಡನೆಯ ಕಂಪ್ಯೂಟರ್ ಬಂತು. ಬಂಟ್ವಾಳದಲ್ಲೊಂದು, ಬೆಳ್ತಂಗಡಿಯಲ್ಲೊಂದು ಶಾಖೆ ತೆರೆಯುವ ಮಾತೂ ನಡೆಯಿತು.

ಅಷ್ಟರಲ್ಲಿ ಅವರ ಮಗಳ ಮದುವೆಯೇ ನಿಶ್ಚಯವಾಯಿತು. "ಈ ಮದುವೆಗೆ ಸ್ಕೂಟರ್ ಇಲ್ಲ" ಎಂದು ಮಾವ ಸಾರಿದರು. "ನಾವೇ ನಂಬದಿದ್ರೆ ಊರು ನಂಬ್ತದಾ?"

"ಬೆಳ್ತಂಗಡಿಗೆ ಅಕ್ಕನ ಮನೆಗಾದ್ರೂ ಒಮ್ಮೆ ಹೋಗಿ ಬನ್ನಿ" ಎಂದು ಅತ್ತೆ ಅಂಗಲಾಚಿದರು. ಅಕ್ಕ ಎಂದರೆ ನನ್ನ ದೊಡ್ಡಮ್ಮ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು.

"ಅವಳಿಗೇ ಎಲ್ಲರಿಗಿಂತ ಮೊದಲು ಕಳಿಸಿದ್ದು!" ಎಂದರು ಮಾವ.

ಅದು ನಿಜವೇ. ಬ್ಯಾಂಕಿನಲ್ಲಿದ್ದ ದೊಡ್ಡಮ್ಮನ ಮಗ ಅದನ್ನು ಪ್ರಿಂಟ್ ತೆಗೆದು ತಂದು ಓದಿ ಹೇಳಿದ್ದ. ಕೊನೆಗೆ ಮಾವನೇ ಬರೆದ ಸಾಲು: 'ಇದನ್ನೇ ಮನೆಗೆ ಬಂದು ಕರೆದಂತೆ ಭಾವಿಸಿ.' ದೊಡ್ಡಮ್ಮ ಭಾವಿಸಲಿಲ್ಲ. ಊರೂ ಭಾವಿಸಲಿಲ್ಲ. ಸುದ್ದಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸ್ಕೂಟರಿಗೆ ಕಾದು ಕುಳಿತಿದ್ದರು! ಗಂಡಿನ ಕಡೆಯವರು ಉಂಡರು, ನಮ್ಮ ಕಡೆಯ ಎಲೆಗಳು ಹಾಸಿದಲ್ಲೇ ಬಾಡಿದವು. ಧಾರೆ ಎರೆಯುವಾಗಲೂ ಮಾವ ಬಾಗಿಲಿನ ಕಡೆ ನೋಡುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮದುವೆ ಮುಗಿದದ್ದೇ ಮಾವ ಬೆಳ್ತಂಗಡಿಗೆ ಓಡಿದರು. ದೊಡ್ಡಮ್ಮ ಬೆಲ್ಲ-ನೀರು ಕೊಟ್ಟರು. "ಕಾಗದ ಬಂತು. ನನ್ನ ತಮ್ಮ ಬರ್ಲಿಲ್ಲ" ಎಂದರು, ಅಷ್ಟೇ. ಮಾವ ಮೆಲ್ಕಾರಿಗೆ ಹಿಂದಿರುಗಿ ಬೋರ್ಡು ಇಳಿಸಿದರು. ಬೇಕರಿಯವರು ಅದನ್ನು ತಿರುಗಿಸಿ, ಹಿಂಬದಿಯಲ್ಲಿ 'ಬಿಸಿ ಪಫ್ಸ್ ಸಿಗುತ್ತದೆ' ಎಂದು ಬರೆಸಿಕೊಂಡರು.

ಈಗ ನೋಡಿ, ವಾಟ್ಸಾಪಿನಲ್ಲಿ ಬರುವ ಆಮಂತ್ರಣಗಳ ಕೊನೆಯಲ್ಲೆಲ್ಲ ಮಾವನದೇ ಸಾಲು! ಜನ ಭಾವಿಸುತ್ತಾರೆ, ಬರುತ್ತಾರೆ, ಉಂಡು ಹೋಗುತ್ತಾರೆ. ಮೊನ್ನೆ ಮಾವನಿಗೆ ಅಂಥದೊಂದನ್ನು ತೋರಿಸಿ, "ನೀವು ಸ್ವಲ್ಪ ಅವಸರ ಮಾಡಿದ್ರಿ ಅಷ್ಟೆ. ಗೆದ್ದದ್ದು ನೀವೇ" ಎಂದೆ.

ಮಾವ ಅದನ್ನು ಓದಲೂ ಇಲ್ಲ. "ಸ್ಕೂಟರಿನಲ್ಲಿ ಕೂತ್ಕೋ. ಅಕ್ಕನ ಮನೆಗೆ ಹೋಗುವ" ಎಂದರು.

ದೊಡ್ಡಮ್ಮ ಜಗಲಿಯಲ್ಲಿ ಕುಳಿತಿದ್ದರು. ಈಗ ಅವರಿಗೆ ನೆನಪು ನಿಲ್ಲುವುದಿಲ್ಲ. ಹೆತ್ತ ಮಗನ ಹೆಸರೂ ಕೆಲವೊಮ್ಮೆ ಹೊಳೆಯುವುದಿಲ್ಲ. ತಮ್ಮನನ್ನು ಕಂಡೊಡನೆ ಮಾತ್ರ ಕೇಳಿದರು: "ನಿನ್ನ ಮಗಳ ಮದುವೆಯಂತೆ. ನನಗೆ ಹೇಳಿಕೆ ಇಲ್ವಾ?"

ಆ ಮಗಳ ಮಗನೇ ಈಗ ಕಾಲೇಜಿಗೆ ಹೋಗುತ್ತಿದ್ದಾನೆ! ಮಾವ ಅದನ್ನು ಹೇಳಲಿಲ್ಲ. ನಿಧಾನವಾಗಿ ಬೆಲ್ಲ-ನೀರು ಕುಡಿದರು. ಹಸು ಕರು ಹಾಕಿತೇ ಎಂದು ಕೇಳಿದರು. ಆ ಮನೆಯಲ್ಲಿ ಹಸು ಇಲ್ಲದೆ ಎಷ್ಟೋ ಕಾಲವಾಯಿತು. ಆಮೇಲೆ ಎದ್ದು ಅಕ್ಕನ ಕಾಲು ಮುಟ್ಟಿ, "ಅಕ್ಕಾ, ಮಗಳ ಮದುವೆ. ನೀನು ಮುಂಚಿನ ದಿನವೇ ಬರ್ಬೇಕು" ಎಂದರು.

ದೊಡ್ಡಮ್ಮನ ಮುಖ ಅರಳಿತು. ನನ್ನ ಕಡೆ ತಿರುಗಿ, "ನೋಡು, ಅಷ್ಟು ದೂರದಿಂದ ಇವನೇ ಬಂದ. ಹೋಗದಿದ್ರೆ ಆಗ್ತದಾ?" ಎಂದರು.

ಗೇಟಿನ ಹತ್ತಿರ ಬಂದು ಮಾವ ಕಣ್ಣೊರೆಸಿಕೊಂಡರು. ಇದು ಅವರು ಪ್ರತಿ ವಾರ ಮಾಡುವ ಕೆಲಸವೆಂದು ನನಗೆ ಗೊತ್ತಾದದ್ದು ಆಗಲೇ.

"ಮುಂದಿನ ವಾರ ನೀನೂ ಬಾ" ಎಂದು ಸ್ಕೂಟರ್ ಸ್ಟಾರ್ಟ್ ಮಾಡಿದರು. "ಅಷ್ಟು ಹೊತ್ತಿಗೆ ಅವಳಿಗೆ ಪುನಃ ನಾನು ಬಂದದ್ದು ಮರ್ತು ಹೋಗಿರ್ತದೆ."