ಎರಡನೇ ಭಾಗದಲ್ಲಿ ನನ್ನ ಕೈ

ಮಧ್ಯಾಹ್ನ ಎರಡು ಗಂಟೆ ಏಳು ನಿಮಿಷ. ಕೀಳ್ ಕೋತಗಿರಿಯ ನಮ್ಮ ಟೀ ಫ್ಯಾಕ್ಟರಿಯ ತಕ್ಕಡಿಯ ಪಕ್ಕ, ನನ್ನ ಸ್ವಂತ ಹೆಂಡತಿ ಹೊತ್ತು ತಂದ ಹಸಿ ಎಲೆಯ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ನಿಂತಿದ್ದೆ. ಎಲೆಯ ಮೇಲೆ ನೀರೆಷ್ಟಿದೆ ಎಂದು ಅಂದಾಜು ಮಾಡಿ, ತೂಕದಲ್ಲಿ ಅಷ್ಟನ್ನು ಕಳೆಯುವುದು ಸೂಪರ್‌ವೈಸರನಾದ ನನ್ನ ಕೆಲಸ. (ಬಿ.ಎಸ್ಸಿ., ರಸಾಯನಶಾಸ್ತ್ರ, ಪ್ರಥಮ ದರ್ಜೆ.)

"ಹದಿನಾಲ್ಕು ಪರ್ಸೆಂಟ್!" ಎಂದು ಘೋಷಿಸಿದೆ.

"ಎರಡು ವಾರದಿಂದ ಮಳೆನೇ ಇಲ್ವಲ್ಲ ಸಾರ್," ಎಂದಳು ಶೋಭಾರಾಣಿ. ಮನೆಯಲ್ಲಿ ನಾನು 'ರೀ', ತಕ್ಕಡಿಯ ಮುಂದೆ 'ಸಾರ್'.

"ಮಂಜು ಇರುತ್ತೆ."

"ಹನ್ನೆರಡು ಗಂಟೆ ಬಿಸಿಲಲ್ಲಿ ಕಿತ್ತಿದ್ದಕ್ಕೂ ಮಂಜಾ?"

ಮೂಲೆಯ ಸ್ಟೂಲಿನಲ್ಲಿ ಕುಳಿತ ಮಗಳು ಶಾಂತಲಾ ಇದೆಲ್ಲದರ ಚಿತ್ರ ಬರೆದುಕೊಳ್ಳುತ್ತಿದ್ದಳು. ಅವಳನ್ನು ಅಲ್ಲಿ ಕೂರಿಸಿದವನು ನಾನೇ.

ಊಟಿಯ ಕಾಲೇಜಿನಲ್ಲಿ ಈಕೆಗೆ ಮಾಂಗಾ ಎಂಬ ಜಪಾನೀ ಚಿತ್ರಕಥೆಯ ಹುಚ್ಚು ಹಿಡಿದು, ತಾನೇ ಒಂದನ್ನು ಬರೆದಿದ್ದಳು. ಅದರಲ್ಲಿ ಬದ್ಧವೈರಿಗಳಾದ ಎರಡು ಕುಲ: ಬೆಟ್ಟದ ಎಲೆಕುಲ, ಚಿಮಣಿಯಡಿಯ ಯಂತ್ರಕುಲ. ಯಂತ್ರಕುಲದ ರಾಕ್ಷಸ ಎಲೆಕುಲದವರ ಮೂಟೆಗಳಿಂದ ತೂಕ ಹೀರುತ್ತಾನೆ. ರಾಕ್ಷಸನಿಗೆ ನನ್ನ ಮೀಸೆ, ನನ್ನ ಕನ್ನಡಕ, ಜೇಬಿನಲ್ಲಿ ನನ್ನವೇ ಮೂರು ಪೆನ್ನು! ಜೆರಾಕ್ಸ್ ಪ್ರತಿಗಳು ಹಟ್ಟಿಯಿಂದ ಹಟ್ಟಿಗೆ ಹೋದವು. "ಹೊಟ್ಟೆ ತುಂಬ್ತಾ ಸಾರ್?" ಎಂದು ಎಲೆ ತರುವ ಹಾಲನ್ ದಿನವೂ ವಿಚಾರಿಸತೊಡಗಿದ. ಇಪ್ಪತ್ತು ವರ್ಷದ ಗೌರವ ನಲವತ್ತು ಪುಟದಲ್ಲಿ ಆವಿಯಾಯಿತು.

"ಎರಡನೇ ಭಾಗ ಬರಿ," ಎಂದೆ ಮಗಳಿಗೆ. "ಎರಡೂ ಕಡೆಯಿಂದ ತೋರಿಸು. ನಮ್ಮ ಕುಲಕ್ಕೂ ನ್ಯಾಯ ಬೇಡ್ವಾ?"

"ಸರಿ ಅಪ್ಪಾ. ಆದ್ರೆ ನೋಡಿದ್ದನ್ನೇ ಬರೀತೀನಿ."

"ಬಂದು ನೋಡು! ನನ್ನ ವಿಧಾನ ನೋಡು!"

ವಿಧಾನವೆಂದರೆ, ಒಬ್ಬರ ಎಲೆಯ ಅಂಟು ಇನ್ನೊಬ್ಬರ ಎಲೆಗೆ ತಾಗಬಾರದೆಂದು ಪ್ರತಿ ಮೂಟೆಗೂ ಮೊದಲು ಬಕೆಟ್ಟಿನಲ್ಲಿ ಕೈ ತೊಳೆಯುತ್ತೇನೆ. ಇಡೀ ಜಿಲ್ಲೆಯಲ್ಲಿ ಇಷ್ಟು ನಿಷ್ಪಕ್ಷಪಾತಿಯಾದ ಕೈ ಇನ್ನೊಂದಿಲ್ಲ.

ಭಾನುವಾರ ಪುಸ್ತಕ ಕೈಗೆ ಬಂತು. ಮೊದಲರ್ಧ ಎಲೆಕುಲದ ಕಡೆಯಿಂದ: ಸುಡುಬಿಸಿಲು, ಬೆವರು, ಎದುರಿಗೆ ಆ ಮೀಸೆ. ಉಳಿದರ್ಧ ನಮ್ಮ ಕಡೆಯಿಂದ. ರಾಕ್ಷಸ ತನ್ನ ಮಗಳಿಗೆ ಊಟಿ ಬಸ್ಸಿನಲ್ಲಿ ಸೀಟು ಹಿಡಿಯಲು ಮಂಜಿನಲ್ಲಿ ಓಡುತ್ತಾನೆ. ಮಾಲೀಕರಿಂದ ಬೈಸಿಕೊಂಡು ಒಬ್ಬನೇ ನಿಂತು ಕನ್ನಡಕ ಒರೆಸುತ್ತಾನೆ. ನನ್ನ ಕಣ್ಣು ತುಂಬಿ ಬಂತು.

"ನೋಡೇ, ರಾಕ್ಷಸನೂ ಮನುಷ್ಯ!"

"ಪುಟ ಒದ್ದೆ ಮಾಡ್ಬೇಡಿ. ಮುಂದಕ್ಕೆ ತಿರುಗಿಸಿ," ಎಂದಳು ಶೋಭಾರಾಣಿ.

ಕೊನೆಯ ಪುಟ ಮೂಟೆಯ ಒಳಗಿನಿಂದ ಕಂಡ ನೋಟ. ಬಿಸಿಲಿಗೆ ಬೆಚ್ಚಗಾದ ಎಲೆಗಳು ಮೇಲೆ ನೋಡುತ್ತಿವೆ. ಆಕಾಶದಿಂದ ಒಂದು ಕೈ ಇಳಿಯುತ್ತಿದೆ, ಈಗಷ್ಟೇ ಬಕೆಟ್ಟಿನಿಂದ ಎದ್ದ ಕೈ. ಐದೂ ಬೆರಳಿನಿಂದ ನೀರು ಧಾರಾಕಾರವಾಗಿ ಸುರಿಯುತ್ತಿದೆ. ಎಲೆಗಳು ಕೊಡೆ ಬಿಚ್ಚಿವೆ.



"ಇಪ್ಪತ್ತು ವರ್ಷ ರೀ," ಎಂದಳು ಹೆಂಡತಿ. "ಒಂದು ಟವೆಲ್ ಸಿಗ್ಲಿಲ್ವಾ?"

"ಶಾಂತಲಾ, ಇದು ಇನ್ನೂ ಜೆರಾಕ್ಸ್ ಆಗಿಲ್ಲ ತಾನೆ?"

"ಹಾಲನ್ ಮಾಮಾ ನಿನ್ನೆನೇ ಐವತ್ತು ಪ್ರತಿ ತಗೊಂಡು ಹೋದ್ರಲ್ಲ ಅಪ್ಪಾ."

ಪುಟವನ್ನು ಮತ್ತೆ ನೋಡಿದೆ. ಕೈಯ ಮೇಲ್ಗಡೆ ಮೋಡದಂಥ ಒಂದು ಮಾತಿನ ಗುಳ್ಳೆ. ಅದರೊಳಗೆ ದಪ್ಪಕ್ಷರದಲ್ಲಿ ನನ್ನದೇ ಧ್ವನಿ:

"ಹದಿನಾಲ್ಕು ಪರ್ಸೆಂಟ್!"